ಕಡತ ಲಭ್ಯವಿರುವುದಿಲ್ಲ

1909ರ ಜನವರಿಯಿಂದ ಐರ್ಲೆಂಡಿನ ಬಡ ಮುದುಕರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ ಪಿಂಚಣಿ ಬರತೊಡಗಿತು. ವಯಸ್ಸು 70 ತುಂಬಿರಬೇಕಿತ್ತು. ತುಂಬಿದೆ ಎಂದು ತೋರಿಸುವುದು ಹೇಗೆ? ಆ ದೇಶದಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಆಲೂಗಡ್ಡೆ ಕೊಳೆತು ಊರಿಗೆ ಊರೇ ಹಸಿದು ಸತ್ತ ಬರವನ್ನು ದಾಟಿ ಬದುಕಿದ ಮುದುಕಿಯ ಕೈಯಲ್ಲಿ ಯಾವ ಸರ್ಟಿಫಿಕೇಟು ಇದ್ದೀತು? ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿಯಲ್ಲಿ 1841 ಮತ್ತು 1851ರ ಜನಗಣತಿಯ ಮೂಲ ಹಾಳೆಗಳಿದ್ದವು. ಅಲ್ಲಿನವರು ಹಾಳೆ ತಿರುವಿ, ಇಂಥ ಊರಿನ ಇಂಥವರ ಮನೆಯಲ್ಲಿ ಆಗ ಇಷ್ಟು ವರ್ಷದ ಹೆಣ್ಣುಮಗುವಿತ್ತು ಎಂದು ಬರೆದುಕೊಟ್ಟರೆ ಆಕೆಗೆ ಪಿಂಚಣಿ.

ದಾಖಲೆ ಕಾಯುವವನ ಕೆಲಸ ಇದು. ರಾಜರ ಫರ್ಮಾನು ಜೋಡಿಸಿಡುವುದಷ್ಟೇ ಅಲ್ಲ, ಯಾರ ಲೆಕ್ಕಕ್ಕೂ ಬಾರದ ಮುದುಕಿಯೊಬ್ಬಳು ಹುಟ್ಟಿದ್ದು ನಿಜ ಎಂದು ಸರ್ಕಾರದ ಎದುರು ಸಾಕ್ಷಿ ನುಡಿಯುವುದು.

ಆ ಕಚೇರಿಯಲ್ಲೇ ತಲೆ ನರೆಸಿಕೊಂಡವರು ಹರ್ಬರ್ಟ್ ವುಡ್. ಏಳು ಶತಮಾನಗಳ ಕಾಗದ, ಚರ್ಮದ ಸುರುಳಿ, ಉಯಿಲು, ಚರ್ಚಿನ ಜನನ-ಮರಣ ಪುಸ್ತಕ, ಕೋರ್ಟಿನ ಕಟ್ಟು ಯಾವುದು ಎಲ್ಲಿದೆ ಎಂದು ತಿಳಿಸುವ ಕೈಪಿಡಿಯನ್ನು 1919ರಲ್ಲಿ ಅಚ್ಚು ಮಾಡಿಸಿದರು. ಮೂರೇ ವರ್ಷ. 1922ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನೊಂದಿಗಿನ ಒಪ್ಪಂದವನ್ನು ಒಪ್ಪದ ಹೋರಾಟಗಾರರು ಕಚೇರಿ ಇದ್ದ ಫೋರ್ ಕೋರ್ಟ್ಸ್ ಆವರಣವನ್ನು ಹಿಡಿದು ದಾಖಲೆಗಳ ಕಟ್ಟಡದಲ್ಲೇ ಮದ್ದುಗುಂಡು ಪೇರಿಸಿದರು. ಜೂನ್ 28ರಂದು, ಒಪ್ಪಂದವನ್ನು ಒಪ್ಪಿದ ಹೊಸ ಐರಿಷ್ ಸರ್ಕಾರದ ಸೈನ್ಯ, ಬ್ರಿಟಿಷರಿಂದ ತಂದ ಫಿರಂಗಿಗಳನ್ನು ಆ ಕಡೆಗೇ ತಿರುಗಿಸಿತು. 30ರಂದು ಎಲ್ಲ ಸಿಡಿದು ಹೊತ್ತಿ ಉರಿಯಿತು. ಅರ್ಧ ಸುಟ್ಟ ಹಾಳೆಗಳು ಗಾಳಿಯಲ್ಲಿ ಹಾರಿ ಮೈಲಿಗಟ್ಟಲೆ ದೂರದ ಹೌತ್ ಊರಿನವರೆಗೂ ಹೋಗಿ ಬಿದ್ದವು. ಉಳಿದದ್ದು ಬಹುಮಟ್ಟಿಗೆ ಓದುವ ಕೋಣೆಗೆ ತಂದಿಟ್ಟಿದ್ದ ಒಂದಿಷ್ಟು ಕಾಗದ. ಹೊಣೆ ಹೊತ್ತ ಅಧಿಕಾರಿ ವುಡ್ ಅವರೇ. ತಾನು ಬರೆದ ಕೈಪಿಡಿ ಸತ್ತವರ ಪಟ್ಟಿಯಾದದ್ದನ್ನು ಅವರು ಕಣ್ಣಾರೆ ಕಂಡರು.

ದೇಶ ನಮ್ಮದು ಎಂದು ಹೊಡೆದಾಡುತ್ತಿದ್ದ ಎರಡೂ ಬಣಗಳಿಗೆ ಆ ದೇಶದ ನೆನಪು ಒಂದು ಮರೆಗೋಡೆಯಷ್ಟೇ ಆಗಿತ್ತು. ಇದನ್ನು ಯುದ್ಧದ ಅನಿವಾರ್ಯ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಮದ್ದಿಡಲು ಬೇರೆ ಜಾಗವಿರಲಿಲ್ಲವೇ?

ಆದರೆ ಇದಕ್ಕಿಂತ ಹೆಚ್ಚು ರಕ್ತ ಕುದಿಸುವುದು ಬೆಂಕಿಯೇ ಇಲ್ಲದ ನಾಶ. ಐರ್ಲೆಂಡಿನ 1861 ಮತ್ತು 1871ರ ಜನಗಣತಿ ಹಾಳೆಗಳನ್ನು ಎಣಿಕೆ ಮುಗಿದ ಸ್ವಲ್ಪ ಕಾಲದಲ್ಲೇ ಬ್ರಿಟಿಷ್ ಸರ್ಕಾರ ನಾಶಮಾಡಿತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕಾಗದದ ತಿರುಳಾದವು. ಅದೇ ನಾಲ್ಕು ಗಣತಿಗಳ ಇಂಗ್ಲೆಂಡಿನ ಹಾಳೆಗಳು ಇವತ್ತಿಗೂ ಇವೆ! ಆಳುವವರ ಅಜ್ಜ-ಅಜ್ಜಿಯರ ಹೆಸರು ಭದ್ರ, ಆಳಿಸಿಕೊಂಡವರ ಹೆಸರು ರದ್ದಿ. ಇಲ್ಲಿ ಫಿರಂಗಿ ಇರಲಿಲ್ಲ, ದಂಗೆ ಇರಲಿಲ್ಲ. ಯಾರದೋ ಮೇಜಿನಿಂದ ಹೊರಟ ಒಂದು ಆದೇಶ ಸಾಕಾಯಿತು.

ಶತಮಾನ ಕಳೆದ ಮೇಲೆ, 2022ರಲ್ಲಿ, ಬೇರೆ ಬೇರೆ ಕಡೆ ಉಳಿದಿದ್ದ ನಕಲುಗಳನ್ನು ಹುಡುಕಿ ಸುಟ್ಟ ಸಂಗ್ರಹವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಯೋಜನೆ ಜನರ ಮುಂದೆ ಬಂತು. ಅದಕ್ಕೆ ದಾರಿ ತೋರಿಸಿದ್ದು ವುಡ್ ಅವರ ಕೈಪಿಡಿ. ದೊಡ್ಡ ಕೆಲಸ, ನಿಜ. ಆದರೆ ನಕಲೇ ಇಲ್ಲದ ಹಾಳೆಯಲ್ಲಿದ್ದ ಹೆಸರು ಯಾವ ಯಂತ್ರಕ್ಕೂ ಸಿಗುವುದಿಲ್ಲ.

ಬೆಂಕಿಯಿಲ್ಲದ ಇಂಥ ನಾಶ ನಮ್ಮಲ್ಲೂ ಇದೆ, ನಮ್ಮ ತಾಲ್ಲೂಕು ಕಚೇರಿಗೆ ಬನ್ನಿ. ದಲಿತ, ಆದಿವಾಸಿ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆಯಾಗದಂತೆ ಕರ್ನಾಟಕ 1978ರಲ್ಲಿ ಕಾಯ್ದೆ ತಂದಿತು. ಕೈತಪ್ಪಿದ ಜಮೀನನ್ನು ಆ ಕಾಯ್ದೆಯಡಿ ಮರಳಿ ಕೇಳಲು ಹೋದ ಮೊಮ್ಮಗನಿಗೆ ಸಾಗುವಳಿ ಚೀಟಿ ಬೇಕು, ಮಂಜೂರಾತಿ ಕಡತ ಬೇಕು. ಅರ್ಜಿ ಹಾಕಿದರೆ ಕೈಗೆ ಬರುವುದು ಒಂದು ಹಿಂಬರಹ: ಕಡತ ಲಭ್ಯವಿರುವುದಿಲ್ಲ. ಗೆದ್ದಲು ತಿಂದಿತೋ, ಮಳೆಗೆ ನೆನೆಯಿತೋ, ಯಾರಾದರೂ ದುಡ್ಡು ಕೊಟ್ಟು ಎತ್ತಿಸಿದರೋ, ಹೇಳುವವರಿಲ್ಲ. ಅವನ ಅಜ್ಜ ಉತ್ತ ಹೊಲ ಆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ದಾಖಲೆ ಕೊಠಡಿಯ ಕೀಲಿ ಯಾರದೋ ಹೆಚ್ಚುವರಿ ಪ್ರಭಾರದಲ್ಲಿ, ಸೂರು ಸೋರುತ್ತ, ಪಟ್ಟಿಯೇ ಇಲ್ಲದೆ ಬಿದ್ದಿರುವಾಗ ಇದನ್ನು ಆಕಸ್ಮಿಕ ಎನ್ನಬೇಡಿ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಪ್ರತಿ ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ ಸೂಚಿಯೊಂದಿಗೆ ಇಡಬೇಕು ಎಂದು ಹೇಳಿಯೇ ಇದೆ. ಹಾಗಿದ್ದರೆ ಆ ಹಿಂಬರಹ ಸಾಲದು. ಕಡತ ಕೊನೆಗೆ ಯಾರ ವಶದಲ್ಲಿತ್ತು, ಯಾವ ದಿನಾಂಕದಿಂದ ಕಾಣುತ್ತಿಲ್ಲ, ಪೊಲೀಸ್ ದೂರು ಕೊಟ್ಟದ್ದು ಯಾವಾಗ, ಇದನ್ನೂ ಅದೇ ಕಾಗದದಲ್ಲಿ ಬರೆದು ಅಧಿಕಾರಿ ಹೆಸರು ಸಮೇತ ಸಹಿ ಹಾಕಲಿ.