ಸರ್ವರ್ ಸ್ಥಗಿತ: 2024ರ ಜುಲೈ ಘಟನೆಯ ವಿಶ್ಲೇಷಣೆ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪೀಠಿಕೆ

ಸೇವೆಗಳನ್ನು ಕೋರಿ ಕಚೇರಿಗಳಿಗೆ ಬರುವ ನಾಗರಿಕರಿಗೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಹೊಸದೇನಲ್ಲ. ವಿದ್ಯುತ್ ಕಡಿತ, ಸಂಪರ್ಕಜಾಲದ ವೈಫಲ್ಯ, ಏಕಕಾಲದಲ್ಲಿ ಹೆಚ್ಚು ಜನರ ಬಳಕೆ ಮುಂತಾದ ಹಲವು ಕಾರಣಗಳು ಈ ಒಂದು ಮಾತಿನಲ್ಲಿ ಅಡಗಿರುತ್ತವೆ. ಇವುಗಳಲ್ಲಿ ಸಾರ್ವಜನಿಕರಿಗೆ ಅತ್ಯಂತ ಕಡಿಮೆ ಪರಿಚಿತವಾದುದು ಡ್ರೈವರ್ ದೋಷ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸಂಭವಿಸಿದ ಗಣಕಯಂತ್ರಗಳ ಸ್ಥಗಿತಕ್ಕೆ ಇದೇ ಬಗೆಯ ದೋಷ ಕಾರಣವಾಗಿತ್ತು. ಸದರಿ ಘಟನೆಯ ಕಾರಣ, ದುರಸ್ತಿಯ ಕ್ರಮ ಹಾಗೂ ಅದರಿಂದ ಅರ್ಜಿದಾರರು ತಿಳಿಯಬೇಕಾದ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಡ್ರೈವರ್ ಎಂದರೇನು?

ಗಣಕಯಂತ್ರದ ಕಾರ್ಯಾಚರಣೆ ವ್ಯವಸ್ಥೆಯ ಒಳತಿರುಳನ್ನು ಕರ್ನಲ್ ಎನ್ನುತ್ತಾರೆ. ಮುದ್ರಕ, ಡಿಸ್ಕ್ ಮುಂತಾದ ಸಾಧನಗಳನ್ನು ಈ ತಿರುಳಿನೊಂದಿಗೆ ಜೋಡಿಸುವ ತಂತ್ರಾಂಶವೇ ಡ್ರೈವರ್. ಕೆಲವು ಭದ್ರತಾ ತಂತ್ರಾಂಶಗಳೂ ಯಂತ್ರದ ಎಲ್ಲ ಚಟುವಟಿಕೆಗಳ ಮೇಲೆ ನಿಗಾ ಇಡುವ ಸಲುವಾಗಿ ಡ್ರೈವರ್ ರೂಪದಲ್ಲಿ ತಿರುಳನ್ನು ಪ್ರವೇಶಿಸುತ್ತವೆ. ಸಾಮಾನ್ಯ ತಂತ್ರಾಂಶವೊಂದು ವಿಫಲವಾದರೆ ಅದು ಮಾತ್ರ ಮುಚ್ಚಿಕೊಳ್ಳುತ್ತದೆ. ತಿರುಳಿನಲ್ಲಿರುವ ಡ್ರೈವರ್ ತಪ್ಪಿದರೆ, ಮಾಹಿತಿ ಕೆಡದಿರಲೆಂದು ವಿಂಡೋಸ್ ವ್ಯವಸ್ಥೆಯು ಇಡೀ ಯಂತ್ರವನ್ನೇ ನಿಲ್ಲಿಸಿ ದೋಷದ ಪರದೆಯನ್ನು ತೋರಿಸುತ್ತದೆ.

ಘಟನೆಯ ವಿವರ

ಅಂದು ಶುಕ್ರವಾರ, ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ತನ್ನ ಫಾಲ್ಕನ್ ಭದ್ರತಾ ತಂತ್ರಾಂಶಕ್ಕೆ ಹೊಸ ಮಾಹಿತಿ ಕಡತವೊಂದನ್ನು ಕಳುಹಿಸಿತು. ದೋಷ ಕಂಡುಬಂದ ನಂತರ 10 ಗಂಟೆ 57 ನಿಮಿಷಕ್ಕೆ ಅದನ್ನು ಹಿಂಪಡೆಯಲಾಯಿತು. ಈ 78 ನಿಮಿಷಗಳ ಅವಧಿಯಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಾಧಿತವಾದವು ಎಂದು ಮೈಕ್ರೋಸಾಫ್ಟ್ ಸಂಸ್ಥೆ ಅಂದಾಜಿಸಿತು. ಇದು ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳ ಶೇಕಡಾ 1ಕ್ಕಿಂತ ಕಡಿಮೆ. ಆದರೆ ಬಾಧಿತ ಯಂತ್ರಗಳು ವಿಮಾನಯಾನ, ಆಸ್ಪತ್ರೆ, ಬ್ಯಾಂಕ್ ಮುಂತಾದ ಅತ್ಯಗತ್ಯ ಸೇವೆಗಳಿಗೆ ಸೇರಿದ್ದುದರಿಂದ ಪರಿಣಾಮ ದೊಡ್ಡದಾಯಿತು.

ಅಮೆರಿಕದ ಡೆಲ್ಟಾ ವಿಮಾನಯಾನ ಸಂಸ್ಥೆಯೊಂದರಲ್ಲೇ ಐದು ದಿನಗಳಲ್ಲಿ ಸುಮಾರು 7,000 ಹಾರಾಟಗಳು ರದ್ದಾದವು. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ಚಿಕಿತ್ಸಾಲಯಗಳ ದಾಖಲೆ ವ್ಯವಸ್ಥೆ ನಿಂತಿತು. ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೂ ಸೇರಿದಂತೆ ಭಾರತದ ಹಲವು ನಿಲ್ದಾಣಗಳಲ್ಲಿ ಪ್ರಯಾಣಿಕರ ನೋಂದಣಿಯನ್ನು ಕೈಯಿಂದಲೇ ನಡೆಸಬೇಕಾಯಿತು. ಕೆಲವೆಡೆ ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ನೀಡಲಾಯಿತು. ದೇಶದ 10 ಬ್ಯಾಂಕ್ ಹಾಗೂ ಬ್ಯಾಂಕೇತರ ಹಣಕಾಸು ಸಂಸ್ಥೆಗಳಲ್ಲಿ ಮಾತ್ರ ಸಣ್ಣ ಅಡಚಣೆಯಾಗಿತ್ತೆಂದು ಭಾರತೀಯ ರಿಸರ್ವ್ ಬ್ಯಾಂಕ್ ತಿಳಿಸಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಜಾಲಕ್ಕೆ ತೊಂದರೆಯಾಗಿಲ್ಲವೆಂದು ಕೇಂದ್ರ ಸರ್ಕಾರ ಪ್ರಕಟಿಸಿತು.

ದೋಷದ ಮೂಲ

ಫಾಲ್ಕನ್ ಡ್ರೈವರ್ ಮೈಕ್ರೋಸಾಫ್ಟ್ ಸಂಸ್ಥೆಯ ಪ್ರಮಾಣೀಕರಣವನ್ನು ಪಡೆದಿತ್ತು. ಆದರೆ ಆ ಡ್ರೈವರ್ ಓದುವ ಮಾಹಿತಿ ಕಡತಗಳು ಸದರಿ ಪ್ರಮಾಣೀಕರಣದ ವ್ಯಾಪ್ತಿಗೆ ಒಳಪಟ್ಟಿರಲಿಲ್ಲ. ಹೊಸ ಕಡತವು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು. ತಂತ್ರಾಂಶ ಒದಗಿಸುತ್ತಿದ್ದುದು 20 ಮಾತ್ರ. ಇಲ್ಲದ 21ನೆಯ ಅಂಶವನ್ನು ಓದಲು ಹೋಗಿ ಡ್ರೈವರ್ ತನಗೆ ಸೇರದ ಸ್ಮೃತಿಭಾಗವನ್ನು ಮುಟ್ಟಿತು, ಯಂತ್ರ ನಿಂತಿತು. ಯಂತ್ರ ಆರಂಭವಾಗುವಾಗಲೇ ಈ ಡ್ರೈವರ್ ಚಾಲನೆಗೊಳ್ಳುವುದರಿಂದ, ಮರುಚಾಲನೆ ಮಾಡಿದಷ್ಟೂ ಬಾರಿ ಯಂತ್ರ ಮತ್ತೆ ನಿಲ್ಲುತ್ತಿತ್ತು. ಇದು ಸೈಬರ್ ದಾಳಿಯಾಗಿರಲಿಲ್ಲ. ಕಡತವನ್ನು ಹಂತಹಂತವಾಗಿ ಬಿಡುಗಡೆ ಮಾಡದೆ ಒಮ್ಮೆಲೇ ಎಲ್ಲ ಗ್ರಾಹಕರಿಗೂ ಕಳುಹಿಸಿದ್ದರಿಂದ ಸಣ್ಣ ದೋಷವು ಜಾಗತಿಕ ಸ್ವರೂಪ ತಾಳಿತು.

ದುರಸ್ತಿಯ ಕ್ರಮ

ದೋಷಪೂರಿತ ಕಡತವನ್ನು ಹಿಂಪಡೆದ ಮಾತ್ರಕ್ಕೆ ನಿಂತ ಯಂತ್ರಗಳು ಚಾಲನೆಗೆ ಬರಲಿಲ್ಲ. ಯಂತ್ರವು ಜಾಲವನ್ನು ತಲುಪುವ ಮುನ್ನವೇ ನಿಲ್ಲುತ್ತಿದ್ದುದರಿಂದ ದೂರದಿಂದ ಸರಿಪಡಿಸುವುದು ಬಹುತೇಕ ಸಾಧ್ಯವಿರಲಿಲ್ಲ. ಕೆಲವು ಯಂತ್ರಗಳು ಹಲವು ಬಾರಿ ಮರುಚಾಲನೆಯಾದ ನಂತರ ಸರಿಹೋದವು. ಮೈಕ್ರೋಸಾಫ್ಟ್ ತನ್ನ ಮೇಘ ಸೇವೆಯ ಗ್ರಾಹಕರಿಗೆ 15 ಬಾರಿಯವರೆಗೂ ಪ್ರಯತ್ನ ಬೇಕಾಗಬಹುದೆಂದು ತಿಳಿಸಿತ್ತು. ಉಳಿದೆಡೆ ತಂತ್ರಜ್ಞರು ಪ್ರತಿಯೊಂದು ಯಂತ್ರದ ಮುಂದೆ ಕುಳಿತು, ಅದನ್ನು ಸೇಫ್ ಮೋಡ್‌ನಲ್ಲಿ ಆರಂಭಿಸಿ, 291 ಸಂಖ್ಯೆಯ ಕಡತವನ್ನು ಅಳಿಸಬೇಕಾಯಿತು. ಡಿಸ್ಕ್‌ಗೆ ಗೂಢಲಿಪಿ ರಕ್ಷಣೆ ಇದ್ದ ಯಂತ್ರಗಳಿಗೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೂ ಬೇಕಾಗುತ್ತಿತ್ತು. ಇಂತಹ ಕೀಲಿಗಳ ಪಟ್ಟಿಯನ್ನು ಸರ್ವರ್‌ನಲ್ಲಿ ಮಾತ್ರ ಇಟ್ಟುಕೊಂಡು, ಆ ಸರ್ವರೂ ನಿಂತರೆ ದುರಸ್ತಿಯ ದಾರಿಯೇ ಮುಚ್ಚುತ್ತದೆ.

ಇಲ್ಲಿ ಒಂದು ಅಂಶ ಮುಖ್ಯ. ದೋಷದ ಪರದೆಯಲ್ಲಿ ಕಚೇರಿಯ ಸಿಬ್ಬಂದಿಗೆ ಗೊತ್ತಿಲ್ಲದ ಡ್ರೈವರ್ ಹೆಸರು ಕಾಣಿಸಿತೆಂಬ ಕಾರಣಕ್ಕೆ ಅದನ್ನು ಅಳಿಸುವುದು ಸರಿಯಾದ ಕ್ರಮವಲ್ಲ. ಸದರಿ ಘಟನೆಯಲ್ಲಿ ತೆಗೆಯಬೇಕಾಗಿದ್ದುದು ಒಂದು ಮಾಹಿತಿ ಕಡತವನ್ನೇ ಹೊರತು ಡ್ರೈವರನ್ನಲ್ಲ. ಡ್ರೈವರನ್ನೇ ತೆಗೆದಿದ್ದರೆ ಯಂತ್ರ ರಕ್ಷಣೆಯಿಲ್ಲದೆ ಉಳಿಯುತ್ತಿತ್ತು. ಆದುದರಿಂದ ಇಂತಹ ಸಂದರ್ಭದಲ್ಲಿ ಈ ಕೆಳಕಂಡ ಕ್ರಮ ಸೂಕ್ತ:

1. ಪರದೆಯ ಮೇಲಿನ ದೋಷದ ಹೆಸರನ್ನೂ ಡ್ರೈವರ್ ಹೆಸರನ್ನೂ ಬರೆದುಕೊಳ್ಳುವುದು.
2. ಯಂತ್ರ ಕೊನೆಯ ಬಾರಿ ಸರಿಯಾಗಿ ನಡೆದ ನಂತರ ಏನು ಬದಲಾಗಿದೆ ಎಂಬುದನ್ನು ಪರಿಶೀಲಿಸುವುದು.
3. ಡ್ರೈವರ್‌ನ ತಯಾರಕರು, ಆವೃತ್ತಿ ಹಾಗೂ ಡಿಜಿಟಲ್ ಸಹಿಯನ್ನು ಖಚಿತಪಡಿಸಿಕೊಳ್ಳುವುದು.
4. ತಯಾರಕರ ಅಧಿಕೃತ ಸೂಚನೆಯಂತೆ ಒಂದು ಯಂತ್ರದಲ್ಲಿ ಪರಿಹಾರವನ್ನು ಪರೀಕ್ಷಿಸಿ, ಅದು ಫಲಿಸಿದ ಬಳಿಕವೇ ಇತರ ಯಂತ್ರಗಳಿಗೆ ಅನ್ವಯಿಸುವುದು.

ಘಟನೆಯ ನಂತರದ ಬದಲಾವಣೆಗಳು

ಕ್ರೌಡ್‌ಸ್ಟ್ರೈಕ್ ಸಂಸ್ಥೆಯು 2024ರ ಆಗಸ್ಟ್ 6ರಂದು ಕಾರಣ ವಿಶ್ಲೇಷಣಾ ವರದಿಯನ್ನು ಪ್ರಕಟಿಸಿ, ಮಾಹಿತಿ ಕಡತಗಳನ್ನೂ ಹಂತಹಂತವಾಗಿ ಬಿಡುಗಡೆ ಮಾಡುವುದಾಗಿ ತಿಳಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ, ಆರಂಭವಾಗದ ಯಂತ್ರವನ್ನು ದೂರದಿಂದಲೇ ಸರಿಪಡಿಸುವ ಸೌಲಭ್ಯವನ್ನೂ ಭದ್ರತಾ ತಂತ್ರಾಂಶಗಳು ತಿರುಳಿನ ಹೊರಗೇ ಕೆಲಸ ಮಾಡುವ ವ್ಯವಸ್ಥೆಯನ್ನೂ ರೂಪಿಸುವುದಾಗಿ ಪ್ರಕಟಿಸಿತು. ಇವುಗಳಿಂದ ಅಪಾಯ ತಗ್ಗಬಹುದು. ಆದರೆ ಸಂಪೂರ್ಣವಾಗಿ ನಿವಾರಣೆಯಾಗದು.

ಅರ್ಜಿದಾರರಿಗೆ ಇದರ ಪ್ರಸ್ತುತತೆ

ಇಂತಹ ಸ್ಥಗಿತದಿಂದ ಯಂತ್ರ ಆರಂಭವಾಗುವುದಿಲ್ಲವೇ ಹೊರತು, ಈಗಾಗಲೇ ದಾಖಲಾದ ಮಾಹಿತಿ ಸಾಮಾನ್ಯವಾಗಿ ಅಳಿಯುವುದಿಲ್ಲ. ಸ್ವೀಕೃತವಾದ ಅರ್ಜಿಯ ಬಗ್ಗೆ ಹೆಚ್ಚಿನ ಆತಂಕಕ್ಕೆ ಕಾರಣವಿಲ್ಲ. ನಷ್ಟವಾಗುವುದು ಇನ್ನೂ ಸ್ವೀಕೃತವಾಗದ ಅರ್ಜಿಗೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಮೇರೆಗೆ ಸೇವೆಯ ಕಾಲಮಿತಿ ಅರ್ಜಿ ಸಲ್ಲಿಕೆಯಾದ ದಿನಾಂಕದಿಂದ ಆರಂಭವಾಗುತ್ತದೆ. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚವನ್ನು ಕೋರುವ ಹಕ್ಕೂ ಆ ಕಾಲಮಿತಿಯನ್ನೇ ಅವಲಂಬಿಸಿದೆ. "ನಾಳೆ ಬನ್ನಿ" ಎಂಬ ಮಾತು ಕೇಳಿ ಮರಳಿದ ಅರ್ಜಿದಾರರ ಪಾಲಿಗೆ ಆ ದಿನ ಲೆಕ್ಕಕ್ಕೇ ಸೇರುವುದಿಲ್ಲ. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಚೀಟಿಯಿಂದ ಕೆಲಸ ಮುಂದುವರಿದಂತೆ, ಕಚೇರಿಯಲ್ಲಿಯೂ ದಿನಾಂಕವುಳ್ಳ ಒಂದು ಕಾಗದ ಅರ್ಜಿದಾರರ ಹಿತವನ್ನು ಕಾಯಬಲ್ಲದು. ಆದುದರಿಂದ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ:

1. ಸಕಾಲ ಸ್ವೀಕೃತಿ ಪತ್ರದಲ್ಲಿನ 15 ಅಂಕಿಗಳ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳುವುದು.
2. ಸರ್ವರ್ ಸ್ಥಗಿತಗೊಂಡಿದ್ದಲ್ಲಿ ಲಿಖಿತ ಅರ್ಜಿಯನ್ನು ನೀಡಿ, ದಿನಾಂಕ ಹಾಗೂ ಮೊಹರು ಸಹಿತ ಪ್ರತಿಯನ್ನು ಕೋರುವುದು.
3. ಶುಲ್ಕ ಕಡಿತವಾಗಿಯೂ ಅರ್ಜಿ ಪೂರ್ಣಗೊಳ್ಳದಿದ್ದಲ್ಲಿ ಪಾವತಿಯ ಉಲ್ಲೇಖ ಸಂಖ್ಯೆಯನ್ನು ಇಟ್ಟುಕೊಳ್ಳುವುದು. ಸ್ಥಿತಿಯನ್ನು ತಿಳಿಯದೆ ಎರಡನೆಯ ಬಾರಿ ಪಾವತಿಸದಿರುವುದು.
4. ಕೊನೆಯ ದಿನಾಂಕದವರೆಗೆ ಕಾಯದೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವುದು.
5. "ಸರ್ವರ್ ಸರಿಪಡಿಸುತ್ತೇವೆ" ಎಂದು ಬರುವ ಕರೆ ಅಥವಾ ಸಂದೇಶಗಳಿಗೆ ಒಟಿಪಿ, ಗುಪ್ತಪದ ನೀಡದಿರುವುದು. 2024ರ ಜುಲೈ ಘಟನೆಯ ಬೆನ್ನಲ್ಲೇ ದುರಸ್ತಿ ತಂತ್ರಾಂಶದ ಹೆಸರಿನಲ್ಲಿ ವಂಚಕರು ಹಾನಿಕಾರಕ ಕಡತಗಳನ್ನು ಹರಡಿದ್ದರು.

ಯಂತ್ರ ನಿಲ್ಲುವುದನ್ನು ತಡೆಯುವುದು ತಂತ್ರಜ್ಞರ ಹೊಣೆ. ಯಂತ್ರ ನಿಂತ ದಿನವೂ ಅರ್ಜಿಗೆ ದಿನಾಂಕ ದೊರೆಯುವಂತೆ ನೋಡಿಕೊಳ್ಳುವುದು ಕಚೇರಿಯ ಹೊಣೆ. ಆ ದಿನಾಂಕವನ್ನು ಕೇಳಿ ಪಡೆಯಲು ಅರ್ಜಿದಾರರು ಹಿಂಜರಿಯಬೇಕಾಗಿಲ್ಲ.