ಹಳೆಯ ಕ್ಯಾಮೆರಾಕ್ಕೆ ಹೊಸ ವಿದ್ಯೆ

ಮಕ್ಕಳೇ, ಕ್ಯಾಮೆರಾದಲ್ಲಿ ಮಸೂರವಿದೆ, ಬೆಳಕನ್ನು ಗ್ರಹಿಸುವ ಸಂವೇದಕವಿದೆ. ಇವು ಕಣ್ಣಿಗೆ ಕಾಣುವ ಭಾಗಗಳು. ಡಿಜಿಟಲ್ ಕ್ಯಾಮೆರಾದಲ್ಲಿ ಕಾಣದ ಭಾಗವೂ ಒಂದಿದೆ. ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡಬೇಕು, ಮಸೂರವನ್ನು ಎಷ್ಟು ಸರಿಸಬೇಕು, ಚಿತ್ರವನ್ನು ಹೇಗೆ ಉಳಿಸಬೇಕು ಎಂದು ಹೇಳುವ ಆಜ್ಞೆಗಳ ಸರಣಿ ಅದು. ಯಂತ್ರದೊಳಗೇ ಬರೆದಿಟ್ಟ ಈ ತಂತ್ರಾಂಶವನ್ನು ಫರ್ಮ್‌ವೇರ್ ಎನ್ನುತ್ತಾರೆ. ಬೇರೆ ಯಾವ ಭಾಗವನ್ನೂ ಮುಟ್ಟದೆ ಇದನ್ನು ಮಾತ್ರ ಬದಲಿಸಬಹುದು.

ಹಾಗಾದರೆ, ಈಗಾಗಲೇ ಮಾರಿದ ಕ್ಯಾಮೆರಾಗಳಿಗೂ ಕಂಪನಿಗಳು ಈ ದಾರಿಯಿಂದ ಹೊಸ ಸೌಲಭ್ಯ ಕೊಡಬೇಕೇ? ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ನೋಡೋಣ.

ಜಪಾನಿನ ಕ್ಯಾನನ್ ಕಂಪನಿ 2009ರಲ್ಲಿ 7ಡಿ ಎಂಬ ಕ್ಯಾಮೆರಾ ತಂದಿತು. ಸಂವೇದಕ ಕೊಟ್ಟ ಮಾಹಿತಿಯನ್ನು ಹಾಗೆಯೇ ಉಳಿಸುವ 'ರಾ' ಚಿತ್ರಗಳನ್ನು ಅದು ಒಂದೇ ಸಮನೆ 15 ತೆಗೆಯಬಲ್ಲದಾಗಿತ್ತು. 2012ರಲ್ಲಿ ಹೊಸ ಫರ್ಮ್‌ವೇರ್ ಬಂತು. ಅದೇ ಕ್ಯಾಮೆರಾ 25 ಚಿತ್ರ ತೆಗೆಯತೊಡಗಿತು! ಒಂದು ತಿರುಪನ್ನೂ ಬದಲಿಸಿರಲಿಲ್ಲ.

ಇದಕ್ಕಿಂತ ಸೋಜಿಗದ ಉದಾಹರಣೆ ಬಾಹ್ಯಾಕಾಶದಲ್ಲಿದೆ. 1977ರಲ್ಲಿ ಹೊರಟ ನಾಸಾದ ವಾಯೇಜರ್ 2 ನೌಕೆ 1986ರಲ್ಲಿ ಯುರೇನಸ್ ಗ್ರಹದ ಬಳಿ ಹಾದುಹೋಯಿತು. ಆ ಗ್ರಹ ಸೂರ್ಯನಿಂದ ನಮಗಿಂತ ಸುಮಾರು 19 ಪಟ್ಟು ದೂರದಲ್ಲಿದೆ. ಅಲ್ಲಿ ಬೀಳುವ ಬಿಸಿಲು ಇಲ್ಲಿಯದರ ಸುಮಾರು 360ರಲ್ಲಿ ಒಂದು ಪಾಲು. (19ನ್ನು 19ರಿಂದ ಗುಣಿಸಿ ನೋಡಿ.) ಮಂದ ಬೆಳಕಿನಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿರಬೇಕು. ಆದರೆ ನೌಕೆ ಓಡುತ್ತಿರುವುದರಿಂದ ಚಿತ್ರ ಕದಡಿಹೋಗುತ್ತದೆ. ಅಲ್ಲಿಗೆ ಹೋಗಿ ರಿಪೇರಿ ಮಾಡಲಾದೀತೇ? ಎಂಜಿನಿಯರುಗಳು ಭೂಮಿಯಿಂದಲೇ ರೇಡಿಯೋ ಮೂಲಕ ಹೊಸ ಆಜ್ಞೆಗಳನ್ನು ಕಳಿಸಿದರು. ಬಸ್ಸಿನಲ್ಲಿ ಕುಳಿತು ದಾರಿಬದಿಯ ಮರವನ್ನೇ ನೋಡಲು ನೀವು ಕತ್ತು ತಿರುಗಿಸುತ್ತೀರಲ್ಲವೇ? ಹಾಗೆಯೇ ಚಿತ್ರ ತೆಗೆಯುವಾಗ ಇಡೀ ನೌಕೆಯೇ ನಿಧಾನವಾಗಿ ತಿರುಗಿತು. ಚಿತ್ರಗಳು ಸ್ಪಷ್ಟವಾಗಿ ಬಂದವು.

'ಹಳೆಯದಕ್ಕೇ ಎಲ್ಲ ಕೊಟ್ಟರೆ ಹೊಸ ಕ್ಯಾಮೆರಾ ಯಾರು ಕೊಳ್ಳುತ್ತಾರೆ? ತಂತ್ರಾಂಶ ಬರೆಯುವವರಿಗೆ ಸಂಬಳ ಬೇಡವೇ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2015ರಲ್ಲಿ ಪ್ಯಾನಸೋನಿಕ್ ಕಂಪನಿ ತನ್ನ ಜಿಎಚ್4 ಕ್ಯಾಮೆರಾಕ್ಕೆ ವಿಡಿಯೋದ ಒಂದು ಹೊಸ ಸೌಲಭ್ಯವನ್ನು ಬೆಲೆಗೆ ಮಾರಿತು. ನಿಜವಾಗಿ ಹೊಸದಾದರೆ ಬೆಲೆ ಕೇಳುವುದು ತಪ್ಪಲ್ಲ. ಆದರೆ ಮೊದಲೇ ಇದ್ದ ದೋಷ ಸರಿಪಡಿಸಲು ಹಣ ಕೇಳಬಾರದು. 'ಆಮೇಲೆ ಸರಿಮಾಡಿದರಾಯಿತು' ಎಂದು ಅರೆಬರೆ ಕ್ಯಾಮೆರಾ ಮಾರಲೂಬಾರದು. ಅರೆಬೆಂದ ಅನ್ನ ಬಡಿಸಿ, ಉಳಿದದ್ದು ನಾಳೆ ಬೇಯಿಸುತ್ತೇನೆ ಎಂದರೆ ನೀವು ಒಪ್ಪುತ್ತೀರಾ?

ಫರ್ಮ್‌ವೇರ್‌ಗೂ ಮಿತಿಯಿದೆ. ಅದು ಚಿಕ್ಕ ಸಂವೇದಕವನ್ನು ದೊಡ್ಡದು ಮಾಡಲಾರದು. ಗೀರು ಬಿದ್ದ ಮಸೂರವನ್ನು ನುಣುಪು ಮಾಡಲಾರದು. ಆದರೂ ಒಂದು ಕ್ಯಾಮೆರಾ ಇನ್ನೆರಡು ವರ್ಷ ಬಾಳಿದರೆ ಅಷ್ಟು ಕಾಲ ಅದರ ಲೋಹ, ಪ್ಲಾಸ್ಟಿಕ್, ಬ್ಯಾಟರಿ ಕಸದ ರಾಶಿ ಸೇರುವುದಿಲ್ಲ. ಹೊಸದಕ್ಕಾಗಿ ನೆಲ ಅಗೆಯುವುದೂ ಅಷ್ಟು ಕಡಿಮೆಯಾಗುತ್ತದೆ.

ನಿಮ್ಮ ಮನೆಯವರು ಕ್ಯಾಮೆರಾ ಅಥವಾ ಫೋನ್ ಕೊಳ್ಳಲು ಹೋದಾಗ 'ಎಷ್ಟು ಮೆಗಾಪಿಕ್ಸೆಲ್?' ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. 'ಇದಕ್ಕೆ ಎಷ್ಟು ವರ್ಷ ಹೊಸ ತಂತ್ರಾಂಶ ಕೊಡುತ್ತಾರೆ?' ಎಂದೂ ಕೇಳಿ. ಕೊಳ್ಳುವವರು ಕೇಳತೊಡಗಿದರೆ ಮಾಡುವವರು ಉತ್ತರ ಕೊಡಲೇಬೇಕಾಗುತ್ತದೆ.