ಕಿಟಕಿಯ ಹಿಂದಿನ ನ್ಯಾಯ

ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ ನಿಲೋಫರ್ ಕೆಫೆಯ ಚಹಾ ಗೊತ್ತು. ರೆಡ್‌ಹಿಲ್ಸ್‌ನ ಮಕ್ಕಳ ಆಸ್ಪತ್ರೆಗೂ ಅದೇ ಹೆಸರು. ನಿಲೋಫರ್ ಎಂದರೆ ನಿಜಾಮರ ಕಿರಿಯ ಸೊಸೆ; ತುರ್ಕಿಯ ಆಟೊಮನ್ ಸುಲ್ತಾನರ ವಂಶದ ಹೆಣ್ಣುಮಗಳು. ಈಚೆಗೆ ಚಹಾ ಕುಡಿಯುವಾಗ ರಾಯಚೂರಿನ ಗೆಳೆಯರೊಬ್ಬರು, ತುರ್ಕಿ ಧಾರಾವಾಹಿಯ ಗುಂಗಿನಲ್ಲಿ, ‘ರಾಜ ಗಟ್ಟಿ ಇದ್ರ ನ್ಯಾಯ ತಾನೇ ಸಿಗ್ತದ ನೋಡ್ರಿ’ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ.

ಆಟೊಮನ್ನರಿಗೆ ನ್ಯಾಯದ ಬೆಲೆ ಗೊತ್ತಿರಲಿಲ್ಲ ಎಂದಲ್ಲ. ಸೈನ್ಯವಿಲ್ಲದೆ ರಾಜ್ಯವಿಲ್ಲ, ಹಣವಿಲ್ಲದೆ ಸೈನ್ಯವಿಲ್ಲ, ಪ್ರಜೆಗಳು ನೆಮ್ಮದಿಯಾಗಿರದೆ ಹಣವಿಲ್ಲ, ನ್ಯಾಯವಿಲ್ಲದೆ ಆ ನೆಮ್ಮದಿಯಿಲ್ಲ ಎಂಬ ‘ನ್ಯಾಯಚಕ್ರ’ ಅವರ ರಾಜನೀತಿಯ ತಿರುಳು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಮಂತ್ರಿಗಳು ಸಭೆ ಸೇರಿ ಪ್ರಜೆಗಳ ದೂರುಗಳನ್ನೂ ಕೇಳುತ್ತಿದ್ದರು. ಮೇಲೆ ಜಾಲರಿ ಹಾಕಿದ ಕಿಟಕಿ. ಅದರ ಹಿಂದೆ ಕುಳಿತು ಸುಲ್ತಾನ ಕಿವಿಗೊಡುತ್ತಿದ್ದ. ಆತ ಇದ್ದಾನೋ ಇಲ್ಲವೋ ಮಂತ್ರಿಗಳಿಗೆ ತಿಳಿಯದು. ಉಪಾಯ ಚೆನ್ನಾಗಿದೆ. ಆದರೆ ಕೇಳುವವನು ಕಿವಿ ಮುಚ್ಚಿಕೊಂಡರೆ ಗತಿ?

1580ರ ದಶಕದಲ್ಲಿ ಮೂರನೆಯ ಮುರಾದ್‌ನ ಖಜಾನೆ ಸೊರಗಿತು. ನಾಣ್ಯದ ಬೆಳ್ಳಿಯನ್ನು ಅರ್ಧದ ಹತ್ತಿರಕ್ಕೆ ಇಳಿಸಲಾಯಿತು. ಸಂಬಳದ ಲೆಕ್ಕ ಅಷ್ಟೇ, ಸಂತೆಯಲ್ಲಿ ಸಿಗುವ ಸಾಮಾನು ಮಾತ್ರ ಕಡಿಮೆ. 1589ರಲ್ಲಿ ಸೈನಿಕರು ಅರಮನೆಗೆ ನುಗ್ಗಿ, ಇದಕ್ಕೆ ಕಾರಣನೆಂದು ರುಮೇಲಿಯಾದ ಪ್ರಾಂತಾಧಿಪತಿಯ ತಲೆ ಕೇಳಿದರು. ಸುಲ್ತಾನ ಕೊಟ್ಟ! ಅರಮನೆಯನ್ನು ಹೆದರಿಸಿದರೆ ಕೆಲಸವಾಗುತ್ತದೆ ಎಂಬುದು ಅಂದು ಸೈನ್ಯಕ್ಕೆ ತಿಳಿಯಿತು. 1622ರಲ್ಲಿ ಹದಿನೇಳರ ಹರೆಯದ ಎರಡನೆಯ ಉಸ್ಮಾನ್ ದಂಗೆಯೆದ್ದವರ ಕೈಯಲ್ಲಿ ಸತ್ತ.

ಅಧಿಕಾರಿಗಳದ್ದೂ ತ್ರಿಶಂಕು ಸ್ಥಿತಿ. ಸತ್ತರೆ ಅಥವಾ ಪದವಿ ಹೋದರೆ ಅವರ ಆಸ್ತಿಯನ್ನು ಸುಲ್ತಾನ ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ನಾಳೆಯ ಭರವಸೆ ಇಲ್ಲದವನು ಇಂದೇ ದೋಚಿಕೊಳ್ಳುತ್ತಾನೆ. ಪೆಟ್ಟು ಬೀಳುವುದು ರೈತನ ಬೆನ್ನಿಗೆ.

ತಿದ್ದುವ ಪ್ರಯತ್ನ ನಡೆಯಲಿಲ್ಲವೇ? ನಡೆಯಿತು. ವಿಚಾರಣೆಯಿಲ್ಲದೆ ಶಿಕ್ಷೆಯಿಲ್ಲ, ಆಸ್ತಿ ಕಸಿಯುವುದಿಲ್ಲ ಎಂದು 1839ರ ಗುಲ್‌ಹಾನೆ ಫರ್ಮಾನು ಸಾರಿತು. ಆದರೆ ಅದೇ ಅರಮನೆ 1843ರಿಂದ 1856ರವರೆಗೆ 285 ಕೋಣೆಗಳ ದೊಲ್ಮಾಬಾಚೆ ಕಟ್ಟಿಸಿತು. ಕ್ರಿಮಿಯಾ ಯುದ್ಧದ ಖರ್ಚಿಗೆಂದು 1854ರಲ್ಲಿ ಶುರುವಾದ ವಿದೇಶಿ ಸಾಲ ಬೆಳೆಯುತ್ತಲೇ ಹೋಗಿ, 1875ರಲ್ಲಿ ಖಜಾನೆ ದಿವಾಳಿಯೆದ್ದಿತು. 1876ರ ಒಂದೇ ವರ್ಷ ಮೂವರು ಸುಲ್ತಾನರು ಸಿಂಹಾಸನದ ಮೇಲೆ ಕುಳಿತರು. ನಡುವಿನವನು, ಐದನೆಯ ಮುರಾದ್, ಉಳಿದದ್ದು 93 ದಿನ. ಆ ವರ್ಷವೇ ಸಂವಿಧಾನವೂ ಬಂತು. ಎರಡೇ ವರ್ಷದಲ್ಲಿ ಎರಡನೆಯ ಅಬ್ದುಲ್ ಹಮೀದ್ ಸಂಸತ್ತಿಗೆ ಬೀಗ ಹಾಕಿದ. ಅದು ಮತ್ತೆ ತೆರೆದದ್ದು 1908ರಲ್ಲಿ.

ನಮ್ಮ ವೃತ್ತಿಯಲ್ಲಿ ಒಂದು ಪಾಠವಿದೆ: ಎಲ್ಲವನ್ನೂ ಒಂದೇ ಸರ್ವರ್ ಮೇಲೆ ನಿಲ್ಲಿಸಬೇಡಿ, ಅದೆಷ್ಟೇ ಒಳ್ಳೆಯದಿರಲಿ. ಆಟೊಮನ್ನರು ನ್ಯಾಯವನ್ನು ಒಬ್ಬನ ಗುಣದ ಮೇಲೆ ನಿಲ್ಲಿಸಿದ್ದರು. ಮೊದಲ ಮಹಾಯುದ್ಧ ಕೊನೆಯ ಏಟು ಹಾಕಿತು, ನಿಜ. ಬುಡ ಅದಕ್ಕೂ ಮೊದಲೇ ಸಡಿಲವಾಗಿತ್ತು ಎಂಬುದು ನನ್ನ ಅನಿಸಿಕೆ.

1924ರಲ್ಲಿ ಇಡೀ ವಂಶ ಗಡಿಪಾರಾಯಿತು. ಕೊನೆಯ ಖಲೀಫ ಫ್ರಾನ್ಸಿನಲ್ಲಿ ಬದುಕಿದ್ದು ಹೈದರಾಬಾದಿನ ನಿಜಾಮರು ಕಳಿಸುತ್ತಿದ್ದ ಮಾಸಾಶನದಿಂದ. ಐದನೆಯ ಮುರಾದ್‌ನ ಮರಿಮೊಮ್ಮಗಳು ನಿಲೋಫರ್ 1931ರಲ್ಲಿ ಇಲ್ಲಿಗೆ ಸೊಸೆಯಾಗಿ ಬಂದರು. ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡದ್ದೇ ಆಕೆಯ ಹೆಸರಿನ ಆಸ್ಪತ್ರೆಗೆ ಪ್ರೇರಣೆ ಎನ್ನುತ್ತಾರೆ. ಆ ವಂಶದ ಅರಮನೆಗಳು ಇಂದು ವಸ್ತುಸಂಗ್ರಹಾಲಯಗಳು; ಈ ಆಸ್ಪತ್ರೆಯ ಮುಂದೆ ಮಾತ್ರ ಬೆಳಗಾದರೆ ಕೂಸುಗಳನ್ನು ಎತ್ತಿಕೊಂಡ ತಾಯಂದಿರು.

ರಾಜ ಗಟ್ಟಿಯೇ ಎಂದು ಕೇಳುವುದಕ್ಕಿಂತ, ಅವನು ಕಿವಿಗೊಡದ ದಿನ ನಮ್ಮ ದೂರು ಕೇಳಲು ಬೇರೆ ಬಾಗಿಲಿದೆಯೇ ಎಂದು ಕೇಳುವುದು ಲೇಸು. ಮುಂದಿನ ಚಹಾಕ್ಕೆ ಗೆಳೆಯರಿಗೆ ಇದನ್ನೇ ಹೇಳುವವನಿದ್ದೇನೆ.